ಒಂದು ಹಲ್ಲಿನ ಲೆಕ್ಕ

ಮಗಳೇ,

ನಿನ್ನೆ ರಾತ್ರಿ ನೀನು ಫೋಟೊ ತೆಗೆದು ಕಳಿಸಿದ ಎಸ್ಟಿಮೇಟನ್ನು ನಾಲ್ಕು ಸಲ ಓದಿದೆ. ‘ಇಂಪ್ಲಾಂಟ್ ಮತ್ತು ಕ್ಯಾಪ್, ಒಂದು ಹಲ್ಲು, 68,000’ ಅಂತ ಇದೆ, ಅಷ್ಟೇ. ಕೆಳಗೆ ಪೆನ್ನಿನಲ್ಲಿ, ಈ ವಾರವೇ ಶುರು ಮಾಡಿದರೆ 60,000, ಹನ್ನೆರಡು ಕಂತು, ಬಡ್ಡಿ ಇಲ್ಲ ಎಂದು ಬರೆದಿದ್ದಾರೆ. ಬ್ಯಾಂಕಿನ ಸಾಲದ ವಿಭಾಗದಲ್ಲಿ ಮೂವತ್ತು ವರ್ಷ ಕೂತವನು ನಾನು. ಒಂದೇ ಸಾಲಿನ ಎಸ್ಟಿಮೇಟು ಯಾರು ತಂದರೂ ವಾಪಸ್ ಕಳಿಸಿ, ಬಿಡಿಸಿ ಬರೆಸಿಕೊಂಡು ಬನ್ನಿ ಅನ್ನುತ್ತಿದ್ದೆ. ನೀನೂ ಸ್ವಲ್ಪ ತಡಿ. ಸಹಿ ಹಾಕುವ ಮುಂಚೆ ದೊಡ್ಡಪ್ಪನ ಮಾತು ಕೇಳು. ಈ ವಿಷಯದಲ್ಲಿ ನಾನು ದುಡ್ಡು ಕಳಕೊಂಡು ಕಲಿತಿದ್ದೇನೆ, ನೀನು ಹಾಗೆ ಕಲಿಯುವುದು ಬೇಡ.

ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಆ ಹಲ್ಲನ್ನು ಕೀಳಲೇಬೇಕಾ ಅನ್ನೋದನ್ನ. ನೀನು ಕಾಲೇಜಿನಲ್ಲಿದ್ದಾಗ ಅದಕ್ಕೆ ರೂಟ್ ಕೆನಾಲ್ ಆಗಿತ್ತು. ಕ್ಯಾಪ್ ಹಾಕಿಸು ಅಂದಿದ್ದರು, ಪರೀಕ್ಷೆ ಇದೆ ಅಂತ ಮುಂದಕ್ಕೆ ಹಾಕಿದೆ, ಆಮೇಲೆ ಮರೆತೆ. ರೂಟ್ ಕೆನಾಲ್ ಆದ ದವಡೆ ಹಲ್ಲು ಒಳಗೆ ಕೊರೆದು ತೆಳ್ಳಗಾಗಿರುತ್ತದೆ. ಮೇಲೆ ಕ್ಯಾಪ್ ಇಲ್ಲದೆ ಅಗಿಯುತ್ತ ಹೋದರೆ ಯಾವತ್ತೋ ಒಂದು ದಿನ ಹುರಿಗಡಲೆ ತಿನ್ನುವಾಗ ಸೀಳುತ್ತದೆ. ನಿನ್ನದರ ಸೀಳು ಬೇರಿನ ತನಕ ಇಳಿದಿದ್ದರೆ ಉಳಿಸುವುದು ಕಷ್ಟ, ಒಪ್ಪುತ್ತೇನೆ. ಮೇಲ್ಭಾಗದಲ್ಲೇ ನಿಂತಿದ್ದರೆ ಒಳಗೆ ಆಧಾರಕ್ಕೊಂದು ಕಡ್ಡಿ ಕೂರಿಸಿ, ಹಲ್ಲು ಕಟ್ಟಿ, ಕ್ಯಾಪ್ ಹಾಕಿ ಎಷ್ಟೋ ವರ್ಷ ಓಡಿಸುತ್ತಾರೆ. ಎಕ್ಸ್‌ರೇ ಕೇಳಿ ಈಸಿಕೋ, ಅದು ನಿನ್ನದು. ರೂಟ್ ಕೆನಾಲ್ ಕೆಲಸದಲ್ಲೇ ಎಂಡಿಎಸ್ ಮಾಡಿದ ಇನ್ನೊಬ್ಬ ಡಾಕ್ಟರಿಗೆ ತೋರಿಸು. ಇಂಪ್ಲಾಂಟ್ ಹಾಕುವುದರಿಂದ ಲಾಭ ಇಲ್ಲದವರು ಹೇಳುವ ಮಾತಿಗೆ ಫೀಸು ಕೊಡುವುದು ದಂಡ ಅಲ್ಲ.

ಅವರೂ ಕೀಳಬೇಕು ಅಂದರೆ ಆಗ ಇಂಪ್ಲಾಂಟಿನ ಲೆಕ್ಕಕ್ಕೆ ಬಾ.

ಇಂಪ್ಲಾಂಟ್ ಅಂದರೆ ಒಂದು ವಸ್ತು ಅಲ್ಲ, ಮೂರು. ದವಡೆಯ ಎಲುಬಿನೊಳಗೆ ಕೂರುವ ಟೈಟೇನಿಯಂ ಸ್ಕ್ರೂ ಒಂದು. ಅದರ ಮೇಲೆ ವಸಡಿನಿಂದ ಹೊರಗೆ ಬರುವ ಚಿಕ್ಕ ಗೂಟ ಇನ್ನೊಂದು, ಅದಕ್ಕೆ ಅಬಟ್‌ಮೆಂಟ್ ಅನ್ನುತ್ತಾರೆ. ಕಣ್ಣಿಗೆ ಕಾಣುವ ಹಲ್ಲು, ಅಂದರೆ ಕ್ಯಾಪ್, ಮೂರನೆಯದು. ‘ಇಂಪ್ಲಾಂಟ್ 20,000 ಮಾತ್ರ’ ಅಂತ ಬೋರ್ಡು ಹಾಕಿದ ಕಡೆ ಬಹಳ ಸಲ ಆ ಬೆಲೆ ಸ್ಕ್ರೂ ಒಂದರದೇ ಆಗಿರುತ್ತದೆ. ನಾಲ್ಕು ತಿಂಗಳು ಬಿಟ್ಟು ಗೂಟಕ್ಕೆ ಬೇರೆ, ಕ್ಯಾಪಿಗೆ ಬೇರೆ ದುಡ್ಡು ಕೇಳಿದಾಗ ನೀನು ಅರ್ಧ ದಾರಿಯಲ್ಲಿರುತ್ತೀಯ, ಹಿಂದಿರುಗಲು ಆಗುವುದಿಲ್ಲ. ಈ ಮೂರರ ಹೊರಗೆ ಸ್ಕ್ಯಾನ್, ಹಲ್ಲು ಕೀಳುವ ಖರ್ಚು, ಎಲುಬು ಸಾಲದಿದ್ದರೆ ಎಲುಬಿನ ಪುಡಿ, ತಾತ್ಕಾಲಿಕ ಹಲ್ಲು, ಔಷಧಿ. ಒಂದೊಂದರ ಮುಂದೆಯೂ ಒಂದು ಅಂಕಿ ಬರೆಸಿಕೋ. ಬೆಂಗಳೂರು, ದಾವಣಗೆರೆ ಎರಡೂ ಕಡೆ ನಾನು ವಿಚಾರಿಸಿದ ಹಾಗೆ ಒಂದು ಹಲ್ಲಿಗೆ ಎಲ್ಲ ಸೇರಿ ಸುಮಾರು 25,000ದಿಂದ 60,000ದವರೆಗೆ ಹೇಳುತ್ತಾರೆ. ಇಷ್ಟು ಅಂತರಕ್ಕೆ ಒಂದು ಕಾರಣ ಸ್ಕ್ರೂ ಯಾವ ಕಂಪನಿಯದು ಎಂಬುದು. ನಮ್ಮ ದೇಶದಲ್ಲೇ ತಯಾರಾದದ್ದು ಅಗ್ಗ, ಕೊರಿಯಾದ ಆಸ್ಟೆಮ್‌ನಂಥದ್ದು ನಡುವಿನದು, ಸ್ವಿಟ್ಜರ್ಲೆಂಡಿನ ಸ್ಟ್ರೌಮನ್, ನೊಬೆಲ್ ಬಯೋಕೇರ್ ದುಬಾರಿ. ಕ್ಯಾಪಿನಲ್ಲೂ ಹಾಗೆಯೇ, ಒಳಗೆ ಲೋಹ ಮೇಲೆ ಪಿಂಗಾಣಿ ಇರುವುದು ಕಡಿಮೆ, ಜಿರ್ಕೋನಿಯಾ ಜಾಸ್ತಿ. ನಿನ್ನದು ಹಿಂದಿನ ದವಡೆ ಹಲ್ಲು, ನಕ್ಕರೂ ಕಾಣುವುದಿಲ್ಲ. ಅಲ್ಲಿ ಬಣ್ಣದ ಹೊಂದಾಣಿಕೆಗೆ ಅಂತ ಹೆಚ್ಚು ಸುರಿಯಬೇಕಾಗಿಲ್ಲ.

ಹಾಗಂತ ಎಲ್ಲಕ್ಕಿಂತ ಅಗ್ಗದ ಸ್ಕ್ರೂ ಆರಿಸು ಅನ್ನುತ್ತಿಲ್ಲ. ಇಲ್ಲಿ ನನ್ನದೇ ಕಥೆ ಹೇಳಬೇಕು.

ನನ್ನ ಎಡಗಡೆಯ ಕೆಳದವಡೆ ಹಲ್ಲು ಕೀಳಿಸಿದ್ದು 2009ರಲ್ಲಿ. ಒಂದು ಹಲ್ಲು ತಾನೆ, ಬಲಗಡೆ ಅಗಿದರಾಯಿತು ಅಂತ ಏಳು ವರ್ಷ ಸುಮ್ಮನಿದ್ದೆ. ಹಲ್ಲು ಹೋದ ಜಾಗದ ಎಲುಬಿಗೆ ಕೆಲಸ ಇಲ್ಲದೆ ಅದು ಕರಗುತ್ತ ಬರುತ್ತದೆ, ಮೊದಲ ವರ್ಷದಲ್ಲೇ ಹೆಚ್ಚು. ಎದುರಿನ ಮೇಲಿನ ಹಲ್ಲು ತಡೆ ಇಲ್ಲದೆ ಕೆಳಕ್ಕೆ ಇಳಿಯುತ್ತದೆ. ಪಕ್ಕದ್ದು ಖಾಲಿ ಜಾಗಕ್ಕೆ ವಾಲುತ್ತದೆ. ನನಗೆ ಇಷ್ಟೂ ಆಯಿತು. ಕೊನೆಗೆ ಇಂಪ್ಲಾಂಟ್ ಹಾಕಿಸಲು ಹೋದಾಗ ಡಾಕ್ಟರು ಸ್ಕ್ಯಾನ್ ತೋರಿಸಿ, ಇಲ್ಲಿ ಗೋಡೆ ತೆಳ್ಳಗಾಗಿದೆ, ಎಲುಬು ಕಟ್ಟಿ ಐದು ತಿಂಗಳು ಕಾಯಬೇಕು ಅಂದರು. ಎಲುಬಿನ ಪುಡಿ, ಅದರ ಮೇಲೆ ಹೊದಿಸುವ ತೆಳು ಪೊರೆ, ಹೊಲಿಗೆ ಎಲ್ಲ ಸೇರಿ 18,000 ಹೆಚ್ಚಿಗೆ ಕೊಟ್ಟೆ. ಕೀಳಿಸಿದ ಹೊಸದರಲ್ಲೇ ಹೋಗಿದ್ದರೆ ಇದರಲ್ಲಿ ಬಹುಪಾಲು ಉಳಿಯುತ್ತಿತ್ತು. ಹಾಗಾಗಿ ‘ತಡಿ’ ಅಂದದ್ದು ವಾರ ಎರಡು ವಾರದ ಮಾತು. ಎರಡು ವರ್ಷ ತಡೆಯಬೇಡ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2021ರಲ್ಲಿ ಆ ಹಲ್ಲು ಅಲುಗಾಡಲು ಶುರುವಾಯಿತು. ಎಲುಬಿನೊಳಗಿನ ಸ್ಕ್ರೂ ಗಟ್ಟಿಯಾಗೇ ಇತ್ತು, ಗೂಟವನ್ನು ಹಿಡಿದಿರುವ ಪುಟ್ಟ ಸ್ಕ್ರೂ ಸಡಿಲವಾಗಿತ್ತು. ಹಾಕಿದ ಕ್ಲಿನಿಕ್ ಅಷ್ಟೊತ್ತಿಗೆ ಮುಚ್ಚಿತ್ತು. ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು, ‘ಯಾವ ಕಂಪನಿ ಸಾರ್? ಚೀಟಿ ಇದೆಯಾ?’ ನನ್ನ ಹತ್ತಿರ ಏನಿತ್ತು, ದುಡ್ಡು ಕಟ್ಟಿದ ರಸೀದಿ ಮಾತ್ರ. ಕ್ಯಾಪಿನ ಮೇಲೆ ರಂಧ್ರ ಕೊರೆದು, ಒಂದು ಸ್ಟೀಲ್ ಡಬ್ಬಿ ತೆಗೆದು ಬೆರಳುದ್ದದ ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಹಾಕಿ ನೋಡಿದರು. ಒಂದರ ತುದಿ ಆರು ಮೂಲೆಯದು, ಒಂದರದು ನಾಲ್ಕು, ಇನ್ನೊಂದು ನಕ್ಷತ್ರದ ಹಾಗೆ. ಯಾವುದೂ ಕೂರಲಿಲ್ಲ. ನಾನು ಬಾಯಿ ತೆರೆದು ಮುಕ್ಕಾಲು ಗಂಟೆ ಮಲಗಿದ್ದೆ. ಮೇಲಿನ ದೀಪದ ಗಾಜಿನಲ್ಲಿ ಅವರ ಕೈ ಒಂದು ಡ್ರೈವರ್ ಇಟ್ಟು ಇನ್ನೊಂದು ತಗೊಳ್ಳುವುದು ಕಾಣುತ್ತಿತ್ತು. ಕೊನೆಗೆ ಕ್ಯಾಪನ್ನು ಪೂರ್ತಿ ಕತ್ತರಿಸಿ ತೆಗೆದು, ಎಕ್ಸ್‌ರೇಯಲ್ಲಿ ಸ್ಕ್ರೂವಿನ ಆಕಾರ ನೋಡಿ ಕಂಪನಿ ಊಹಿಸಿ, ಭಾಗ ತರಿಸಿ, ಹೊಸ ಕ್ಯಾಪ್ ಮಾಡಿಸಿದರು. ಅದಕ್ಕೆ 14,000. ಸರಿಯಾದ ಡ್ರೈವರ್ ಕೈಯಲ್ಲಿದ್ದಿದ್ದರೆ ಬಿಗಿ ಮಾಡಿ ಕಳಿಸುವ ಕೆಲಸ.

ಪ್ರತಿ ಇಂಪ್ಲಾಂಟಿನ ಡಬ್ಬಿಯ ಮೇಲೂ ಕಂಪನಿ ಹೆಸರು, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ನಿನಗೆ ಹಾಕಿದ ದಿನವೇ ಅದನ್ನು ಕೇಳಿ ಈಸಿಕೊಂಡು ಫೈಲಿಗೆ ಅಂಟಿಸಿಕೋ, ಫೋಟೊ ತೆಗೆದು ನನಗೂ ಕಳಿಸು. ಹತ್ತು ವರ್ಷದ ಮೇಲೂ ಬಿಡಿ ಭಾಗ ಸಿಗುವ, ನಿನ್ನ ಊರಿನಲ್ಲಿ ನಾಲ್ಕು ಡಾಕ್ಟರು ಬಳಸುವ ಕಂಪನಿಯದ್ದನ್ನೇ ಹಾಕಿಸು. ಅದು ಸ್ವಿಟ್ಜರ್ಲೆಂಡಿನದ್ದೇ ಆಗಬೇಕಾಗಿಲ್ಲ.

ಈ ವಿದ್ಯೆ ಹುಟ್ಟಿದ್ದೇ ಕಾಯುವುದರಿಂದ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1950ರ ದಶಕದಲ್ಲಿ ಮೊಲದ ಎಲುಬಿನೊಳಗೆ ಟೈಟೇನಿಯಂ ಸಲಕರಣೆ ಇಟ್ಟು ರಕ್ತ ಸಂಚಾರ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೊಲ್ಲದು, ಎಲುಬು ಲೋಹವನ್ನು ತನ್ನದೇ ಎಂಬಂತೆ ಹಿಡಿದುಕೊಂಡಿತ್ತು. 1965ರಲ್ಲಿ ಮೊದಲ ರೋಗಿಯ ಬಾಯಿಗೆ ಹಾಕಿದರು. ಆ ಮನುಷ್ಯ ಅದೇ ಸ್ಕ್ರೂಗಳ ಮೇಲೆ ನಲವತ್ತು ವರ್ಷ ಊಟ ಮಾಡಿದ. ಹಾಗೆ ಎಲುಬು ಹಿಡಿದುಕೊಳ್ಳಲು ಸಾಮಾನ್ಯವಾಗಿ ಕೆಳದವಡೆಯಲ್ಲಿ ಮೂರು ತಿಂಗಳು, ಮೇಲ್ದವಡೆಯಲ್ಲಿ ನಾಲ್ಕರಿಂದ ಆರು ತಿಂಗಳು ಬೇಕು. ‘ಮೂರೇ ದಿನದಲ್ಲಿ ಹಲ್ಲು’ ಅನ್ನುವುದು ಕೆಲವರ ಬಾಯಿಗೆ ಸರಿ ಹೊಂದುತ್ತದೆ. ನಿನಗೆ ಹೊಂದುತ್ತದೆಯೋ ಇಲ್ಲವೋ ಎನ್ನುವುದನ್ನು ಸ್ಕ್ಯಾನ್ ಹೇಳಬೇಕು, ಜಾಹೀರಾತು ಹೇಳಬಾರದು. ಅಮೆರಿಕದಲ್ಲಿರುವ ನಿನ್ನ ಅಣ್ಣನಿಗೂ ಇದನ್ನೇ ಹೇಳಿದೆ. ಅಲ್ಲಿ ಒಂದು ಹಲ್ಲಿಗೆ 3,000ದಿಂದ 5,000 ಡಾಲರ್ ಅಂತೆ, ಡಿಸೆಂಬರಿನಲ್ಲಿ ಮೂರು ವಾರ ಬಂದು ಮುಗಿಸಿಕೊಂಡು ಹೋಗುತ್ತೇನೆ ಅಂದ. ಈ ಸಲ ಸ್ಕ್ರೂ, ಮುಂದಿನ ಸಲ ಬಂದಾಗ ಕ್ಯಾಪ್ ಅಂತಾದರೆ ಬಾ ಅಂದೆ.

ದುಡ್ಡು ನಿಜವಾಗಿ ಉಳಿಯುವ ದಾರಿ ದಂತ ಕಾಲೇಜು. ದೇಶದಲ್ಲೇ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ನಮ್ಮ ದಾವಣಗೆರೆ ಒಂದರಲ್ಲೇ ಎರಡಿವೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ. ಖಾಸಗಿ ಕಾಲೇಜುಗಳಲ್ಲೂ ಹೊರಗಿನ ಕ್ಲಿನಿಕ್ಕಿಗಿಂತ ಕಡಿಮೆಗೆ ಆಗುತ್ತದೆ. ಎಂಡಿಎಸ್ ಓದುತ್ತಿರುವ ಹುಡುಗ ಹುಡುಗಿಯರು ಮಾಡುತ್ತಾರೆ, ಪ್ರೊಫೆಸರು ಪಕ್ಕದಲ್ಲಿ ನಿಂತಿರುತ್ತಾರೆ. ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ, ಎರಡು ಸಲ ಹೋಗುವಲ್ಲಿ ಐದು ಸಲ. ನಿನ್ನ ಕೆಲಸದಲ್ಲಿ ಅಷ್ಟು ರಜೆ ಸಿಗುತ್ತದೆಯಾ ಎಂದು ನೀನೇ ಲೆಕ್ಕ ಹಾಕಬೇಕು. ನಿಮ್ಮಪ್ಪನಿಗಂತೂ ನಾನು ಅಲ್ಲಿಗೇ ಹೋಗು ಎನ್ನುತ್ತೇನೆ.

ಅವನ ವಿಷಯ ಬಂತು, ಹೇಳಿಬಿಡುತ್ತೇನೆ. ಎಲ್ಲರಿಗೂ ಇಂಪ್ಲಾಂಟೇ ಬೇಕಾಗಿಲ್ಲ. ನಿಮ್ಮಪ್ಪನ ಖಾಲಿ ಜಾಗದ ಎರಡೂ ಪಕ್ಕದ ಹಲ್ಲಿಗೆ ಆಗಲೇ ಕ್ಯಾಪ್ ಇದೆ, ಅವನಿಗೆ ಬ್ರಿಜ್, ಅಂದರೆ ಆ ಎರಡು ಹಲ್ಲುಗಳ ಆಧಾರದಲ್ಲಿ ನಡುವೆ ಕೂರಿಸುವ ಹಲ್ಲು, ಸಾಕು. ನಿನಗೆ ಬ್ರಿಜ್ ಹಾಕಬೇಕಾದರೆ ಎರಡು ಗಟ್ಟಿ ಹಲ್ಲುಗಳನ್ನು ಅರೆಯಬೇಕು. ಈಗ ಅಗ್ಗ ಅನ್ನಿಸಿದ್ದು ಇಪ್ಪತ್ತು ವರ್ಷದಲ್ಲಿ ಮೂರು ಹಲ್ಲಿನ ಖರ್ಚಾಗಬಹುದು. ಅಜ್ಜಿಗೆ ಕೆಳಗಿನ ಸೆಟ್ಟು ನಿಲ್ಲುತ್ತಿಲ್ಲ, ಮಾತಾಡುವಾಗ ಎದ್ದು ಬರುತ್ತದೆ. ಆಕೆಗೆ ಬಾಯಿತುಂಬ ಇಂಪ್ಲಾಂಟ್ ಅಂದರೆ ಲಕ್ಷಗಳ ಮಾತು. ಮುಂದೆ ಎರಡೇ ಇಂಪ್ಲಾಂಟ್ ಹಾಕಿ ಸೆಟ್ಟನ್ನು ಅದಕ್ಕೆ ಗುಂಡಿಯ ಹಾಗೆ ಸಿಕ್ಕಿಸುವ ಪದ್ಧತಿ ಇದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲೇ ಇಲ್ಲದ ಕೆಳದವಡೆಗೆ ಮೊದಲ ಆಯ್ಕೆ ಇದೇ ಆಗಬೇಕು ಅಂದರು.

ಇನ್ನು ಆ ಕಂತು. ಬಡ್ಡಿ ಇಲ್ಲ ಅಂತಿದ್ದಾರಲ್ಲ, ಒಂದೇ ಸಲ ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ ಅಂತ ಕೇಳಿ ನೋಡು. ಅವರು ಬಿಡುವ ಮೊತ್ತವೇ ಬಡ್ಡಿ, ಅದರ ಮೇಲೆ ಪ್ರೊಸೆಸಿಂಗ್ ಫೀಸು. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಸಾಲ ಕೊಡುವ ಕಂಪನಿ ಪೂರ್ತಿ ಹಣವನ್ನು ಕ್ಲಿನಿಕ್ಕಿಗೆ ಮೊದಲೇ ಕಟ್ಟಿಬಿಡುತ್ತದೆ. ನಾಳೆ ಸ್ಕ್ರೂ ಹಿಡಿಯದೆ ಹೋದರೂ, ಡಾಕ್ಟರು ಬದಲಾದರೂ ಕಂತು ನಿನ್ನ ತಲೆಯ ಮೇಲೆ. ನಾಲ್ಕೈದು ತಿಂಗಳ ಕೆಲಸ ಇದು, ಹಣವೂ ಹಾಗೇ ಹೋಗಲಿ. ಸ್ಕ್ರೂ ಹಾಕಿದ ದಿನ ಒಂದು ಪಾಲು, ಕ್ಯಾಪಿಗೆ ಅಳತೆ ತಗೊಂಡ ದಿನ ಒಂದು ಪಾಲು, ಕಚ್ಚಿ ನೋಡಿ ಸರಿಯಿದೆ ಅಂದ ಮೇಲೆ ಉಳಿದದ್ದು. ಸ್ಕ್ರೂ ಹಿಡಿಯದಿದ್ದರೆ ಮತ್ತೆ ಹಾಕಲು ಎಷ್ಟು ಎಂಬುದನ್ನೂ ಈಗಲೇ ಬರೆಸಿಕೋ. ಆರೋಗ್ಯ ವಿಮೆ ಇದೆ ಅಂತ ನೆಚ್ಚಿಕೊಳ್ಳಬೇಡ, ಅಪಘಾತದಲ್ಲಿ ಹಲ್ಲು ಹೋದ ಹೊರತು ಸಾಮಾನ್ಯ ಪಾಲಿಸಿಗಳು ಇದಕ್ಕೆ ಕೊಡುವುದಿಲ್ಲ. ನಿಮ್ಮ ಕಂಪನಿಯ ಪಾಲಿಸಿಯಲ್ಲಿ ಹಲ್ಲಿಗೆ ಬೇರೆ ಮಿತಿ ಇದೆಯಾ ನೋಡು.

ಸ್ಕ್ಯಾನಿನಲ್ಲಿ ಮಾತ್ರ ಉಳಿಸಲು ಹೋಗಬೇಡ. ಕೆಳದವಡೆಯೊಳಗೆ ತುಟಿ, ಗದ್ದಕ್ಕೆ ಹೋಗುವ ನರ ಇದೆ. ಅದು ಎಲ್ಲಿದೆ, ಎಲುಬು ಎಷ್ಟು ದಪ್ಪ ಅಂತ ಮೂರು ಕಡೆಯಿಂದಲೂ ತೋರಿಸುವ ಸಿಬಿಸಿಟಿ ಸ್ಕ್ಯಾನಿಗೆ ಕೆಲವು ಸಾವಿರ ಆಗಬಹುದು, ಆಗಲಿ. ನರಕ್ಕೆ ಪೆಟ್ಟಾದರೆ ತುಟಿಯ ಜೋಮು ವರ್ಷಗಟ್ಟಲೆ ಹೋಗದೆ ಇರಬಹುದು.

ಬರುವ ಶನಿವಾರ ಎಕ್ಸ್‌ರೇ ತಗೊಂಡು ಊರಿಗೆ ಬಾ. ಇಲ್ಲಿ ನನಗೆ ಪರಿಚಯದ ಡಾಕ್ಟರೊಬ್ಬರು ಮಧ್ಯಾಹ್ನದವರೆಗೆ ಸಿಗುತ್ತಾರೆ. ಬೆಂಗಳೂರಿನವರು ಈ ವಾರ ದಾಟಿದರೆ ರಿಯಾಯಿತಿ ಇಲ್ಲ ಅಂದರೆ, ಊರಿಗೆ ಹೋಗಿ ಬಂದು ಹೇಳುತ್ತೇನೆ ಅನ್ನು. ಅಲ್ಲಿಯವರೆಗೆ ಆ ಕಡೆ ಅಗಿಯಬೇಡ, ಅಜ್ಜಿ ಕಳಿಸಿದ ಚಕ್ಕುಲಿ ಡಬ್ಬ ಹಾಗೇ ಇರಲಿ. ಬಸ್ಸು ಹತ್ತಿದ ಮೇಲೆ ಫೋನ್ ಮಾಡು, ಸ್ಟ್ಯಾಂಡಿಗೆ ಬರುತ್ತೇನೆ.

ನಿನ್ನ ದೊಡ್ಡಪ್ಪ