ಪಾಠ: ಕೆಲಸದ ಸ್ಥಳಕ್ಕೆ ಕೆಡದ ತಿಂಡಿ



ಹೊಲದ ಕೆಲಸ ಕಡಿಮೆಯಾದಾಗ ಗಂಡನೋ ಹೆಂಡತಿಯೋ, ಅನೇಕ ವೇಳೆ ಇಬ್ಬರೂ, ಪಟ್ಟಣದ ದುಡಿಮೆಯನ್ನು ಆಶ್ರಯಿಸುವುದುಂಟು. ಮಾಗಡಿ, ತಾವರೆಕೆರೆಗಳ ಕಡೆಯಿಂದ ಬೆಂಗಳೂರಿಗೆ ಬರುವವರಿಗೆ ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯವು ಪರಿಚಿತವಾದ ಸ್ಥಳ. ಲೇತು ಯಂತ್ರಗಳು, ಲೋಹಕ್ಕೆ ಲೇಪನ ಕೊಡುವ ತೊಟ್ಟಿಗಳು ಮುಂತಾದವುಗಳಿರುವ ಸಣ್ಣ ಕಾರ್ಖಾನೆಗಳು ಅಲ್ಲಿ ಒತ್ತೊತ್ತಾಗಿವೆ. ನಸುಕಿನಲ್ಲಿ ಮನೆ ಬಿಟ್ಟವರಿಗೆ ಹನ್ನೊಂದು ಗಂಟೆಯ ಹೊತ್ತಿಗೆ ಹಸಿವಾಗುತ್ತದೆ. ಆಗ ಕೈಗೆ ಸಿಗುವುದು ಬನ್ನು, ಬೋಂಡ ಮತ್ತು ಚಹಾ.

1948ರ ಕಾರ್ಖಾನೆಗಳ ಕಾಯಿದೆಯು ಕ್ಯಾಂಟೀನಿನ ಏರ್ಪಾಡನ್ನು ಹೇಳಿದ್ದು 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಿಗೆ. 2020ರ ಸಂಹಿತೆಯು ಆ ಸಂಖ್ಯೆಯನ್ನು 100ಕ್ಕೆ ಇಳಿಸಿತು. ಹತ್ತು ಹದಿನೈದು ಮಂದಿ ದುಡಿಯುವ ಶೆಡ್ಡಿಗೆ ಎರಡೂ ಅನ್ವಯಿಸುವುದಿಲ್ಲ. ಅಲ್ಲಿ ಶೀತಪೆಟ್ಟಿಗೆಯೂ ಇರುವುದಿಲ್ಲ. ಆದುದರಿಂದ ಮನೆಯಿಂದ ಒಯ್ಯುವ ಡಬ್ಬಿಯೇ ಅಲ್ಲಿನ ಕ್ಯಾಂಟೀನು ಎಂದು ತಿಳಿಯಬೇಕು.

ಆಹಾರ ಕೆಡುವುದೇಕೆ?

ರೋಗಾಣುಗಳು ಬೆಳೆಯಲು ತೇವ, ಬೆಚ್ಚನೆಯ ಹವೆ ಮತ್ತು ಕಾಲಾವಕಾಶ ಬೇಕು. ತಗಡಿನ ಸೂರಿನ ಕೆಳಗೆ ಈ ಮೂರೂ ಒದಗುತ್ತವೆ. ಬೇಯಿಸಿದ ನೀರಿನಂಶದ ಆಹಾರವು ಎರಡು ಗಂಟೆಗಳಾಚೆಗೆ ಸುರಕ್ಷಿತವಲ್ಲ. ಬೇಸಿಗೆಯಲ್ಲಿ ಅಷ್ಟು ಹೊತ್ತೂ ತಾಳದು. ತೆಂಗಿನಕಾಯಿ ಚಟ್ನಿ, ಮೊಸರನ್ನ, ಬೇಯಿಸಿದ ಕಾಳು, ಹಾಲಿನ ತಿಂಡಿಗಳು ಈ ಗುಂಪಿಗೆ ಸೇರಿದವು. ವಾಸನೆ ಬಂದಿಲ್ಲವೆಂದ ಮಾತ್ರಕ್ಕೆ ಆಹಾರ ಕೆಟ್ಟಿಲ್ಲವೆಂದು ನಂಬಬಾರದು. ತೇವವನ್ನು ತೆಗೆದುಬಿಟ್ಟರೆ ರೋಗಾಣು ಬೆಳೆಯಲಾರದು. ನಮ್ಮ ಹಿರಿಯರು ಹುರಿದು, ಒಣಗಿಸಿ ಇಡುತ್ತಿದ್ದುದರ ಮರ್ಮ ಇದೇ.

ಡಬ್ಬಿಗೆ ತಕ್ಕ ತಿಂಡಿಗಳು

1. ಹುರಿದ ಕಡಲೆಕಾಯಿ ಬೀಜ ಮತ್ತು ಹುರಿಗಡಲೆ. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ, ಹುರಿಗಡಲೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಎರಡನ್ನೂ ಬೆರೆಸಿ ಒಂದು ಹಿಡಿ ತಿಂದರೆ ಹಸಿವು ತಣಿಯುತ್ತದೆ. ಬೂಸ್ಟು ಹಿಡಿದ, ಮುರುಟಿದ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯಿರಿ. ಬೂಸ್ಟಿನಿಂದ ಉಂಟಾಗುವ ವಿಷವು ಹುರಿದರೂ ಪೂರ್ತಿ ಹೋಗುವುದಿಲ್ಲ. ಅದು ಯಕೃತ್ತಿಗೆ ಹಾನಿಕರ.

2. ರಾಗಿ ಹುರಿಹಿಟ್ಟು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದ ಅಂಶವಿದೆ. ಅಕ್ಕಿ, ಗೋಧಿಗಳಲ್ಲಿ ಇಷ್ಟಿಲ್ಲ. ಹಿಟ್ಟಿಗೆ ಬೆಲ್ಲದ ಪುಡಿ ಬೆರೆಸಿ ಒಣಗಿದಂತೆಯೇ ಒಯ್ಯಿರಿ. ತಿನ್ನುವಾಗ ಮಾತ್ರ ಕುದಿಸಿ ಆರಿಸಿದ ನೀರಿನಲ್ಲಿ ಕಲಸಿಕೊಳ್ಳಿರಿ. ಕಲಸಿದ್ದನ್ನು ಉಳಿಸಿ ಇಡಬಾರದು. ಹಸಿ ತೆಂಗಿನ ತುರಿಯನ್ನು ಮೊದಲೇ ಸೇರಿಸಬಾರದು.

3. ಎಳ್ಳುಂಡೆ, ಕಡಲೆಮಿಠಾಯಿ. ದಿನಕ್ಕೊಂದು ಸಾಕು. ಸಕ್ಕರೆ ಕಾಯಿಲೆಯುಳ್ಳವರು ಬೆಲ್ಲದ ತಿಂಡಿಗಳನ್ನು ಬಿಟ್ಟು ಹುರಿದ ಕಾಳುಗಳನ್ನೇ ಆರಿಸಿಕೊಳ್ಳಬೇಕು.

4. ಕತ್ತರಿಸದ ಹಣ್ಣು. ಬಾಳೆ, ಸೀಬೆ, ನೆಲ್ಲಿಕಾಯಿಗಳಿಗೆ ಸಿಪ್ಪೆಯೇ ರಕ್ಷಣೆ. ಸೀಬೆ, ನೆಲ್ಲಿಕಾಯಿಗಳಲ್ಲಿರುವ ಸಿ ಜೀವಸತ್ವವು ಕಾಳುಗಳಲ್ಲಿನ ಕಬ್ಬಿಣದ ಅಂಶವು ರಕ್ತಗತವಾಗಲು ನೆರವಾಗುತ್ತದೆ. ಆಹಾರದೊಡನೆ ಚಹಾ ಕುಡಿದರೆ ಅದೇ ಅಂಶ ಸೇರದಂತೆ ತಡೆಯುತ್ತದೆ. ತಿಂಡಿಗೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಲಿ.

ಪಾಲಿಸಬೇಕಾದ ನಿಯಮಗಳು

ಹುರಿದುದು ಪೂರ್ತಿ ಆರಿದ ಮೇಲೆಯೇ ಮುಚ್ಚಳ ಹಾಕಿರಿ. ಬಿಸಿಯಿರುವಾಗ ಮುಚ್ಚಿದರೆ ಆವಿಯು ನೀರಾಗಿ ಇಳಿದು ತಿಂಡಿ ಮೆತ್ತಗಾಗುತ್ತದೆ. ಬಿಗಿಯಾದ ಮುಚ್ಚಳದ ಸ್ಟೀಲಿನ ಡಬ್ಬಿಯನ್ನು ಬಳಸಿರಿ. ಕಾರ್ಖಾನೆಯಲ್ಲಿ ಬಿದ್ದಿರುವ ಎಣ್ಣೆ ಅಥವಾ ರಾಸಾಯನಿಕದ ಡಬ್ಬಿಗಳನ್ನು ಎಷ್ಟೇ ತೊಳೆದರೂ ಆಹಾರಕ್ಕೆ ಬಳಸಬಾರದು. ಲೇಪನದ ತೊಟ್ಟಿಯಿರುವ ಕೋಣೆಯಲ್ಲಿ ಡಬ್ಬಿಯನ್ನು ಇಡಲೂಬಾರದು, ತೆರೆಯಲೂಬಾರದು. ಕೈಗೆ ಅಂಟಿದ ಎಣ್ಣೆ, ಲೋಹದ ಪುಡಿಯು ತಿಂಡಿಯೊಡನೆ ಹೊಟ್ಟೆ ಸೇರುತ್ತದೆ. ಬಟ್ಟೆಯಿಂದ ಒರೆಸಿಕೊಂಡರೆ ಸಾಲದು, ಸಾಬೂನಿನಿಂದ ತೊಳೆಯಬೇಕು.

ಒಂದಲ್ಲ, ಎರಡು ಡಬ್ಬಿ

ಅನೇಕ ಮನೆಗಳಲ್ಲಿ ಗಂಡನಿಗೆ ಡಬ್ಬಿ ಕಟ್ಟುವ ಗೃಹಿಣಿಯು ತನಗೆಂದು ಏನನ್ನೂ ಕಟ್ಟಿಕೊಳ್ಳುವುದಿಲ್ಲ. ಎಲ್ಲರೂ ಉಂಡು ಉಳಿದುದನ್ನು ತಿನ್ನುವುದು ಅವಳ ಪಾಲಾಗಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಪ್ರತಿ 100 ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ರಕ್ತಹೀನಳಾದ ತಾಯಿಗೆ ಹೆರಿಗೆಯಲ್ಲಿ ಅಪಾಯ ಹೆಚ್ಚು. ಮಗುವು ಕಡಿಮೆ ತೂಕದ್ದಾಗಿ ಹುಟ್ಟಬಹುದು.

ಬೆಲ್ಲ ತಿಂದರೆ ರಕ್ತ ಕೂಡುತ್ತದೆಂಬ ನಂಬಿಕೆಯನ್ನು ನೆಚ್ಚಿ ಕೂರಬೇಡಿ. ತಿಂಡಿಯ ಡಬ್ಬಿಯು ಔಷಧಿಗೆ ಬದಲಲ್ಲ. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರವೂ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಸೇವಿಸಬೇಕು. ಮಾತ್ರೆಯು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತದೆ. ಅದನ್ನೂ ಚಹಾದೊಡನೆ ನುಂಗಬಾರದು.

ಪತಿಯಾದವನು ಕಡಲೆಕಾಯಿ ಸುಲಿಯುವುದರಲ್ಲಿ, ಹುರಿಯುವುದರಲ್ಲಿ ಕೈಜೋಡಿಸಲಿ. ವಾರಕ್ಕೊಮ್ಮೆ, ರಜೆಯ ದಿನ ಇಬ್ಬರೂ ಒಂದು ಗಂಟೆ ಕುಳಿತರೆ ಆರು ದಿನಗಳ ತಿಂಡಿ ಸಿದ್ಧವಾಗುತ್ತದೆ. ಪತ್ನಿಯು ಕೆಲಸಕ್ಕೆ ಹೋಗಲಿ, ಹೊಲದಲ್ಲಿರಲಿ, ಮನೆಯಲ್ಲಿರಲಿ, ಅವಳ ಹೆಸರಿನ ಡಬ್ಬಿಯು ಮೊದಲು ತುಂಬಲಿ.

ಇಬ್ಬರೂ ಕೂಡಿ ಚರ್ಚಿಸಿರಿ

1. ನಿನ್ನೆ ಹನ್ನೊಂದು ಗಂಟೆಗೆ ನಮ್ಮಲ್ಲಿ ಯಾರು ಏನನ್ನು ತಿಂದೆವು?
2. ಒಂದು ವಾರದಲ್ಲಿ ಬನ್ನು, ಬೋಂಡಗಳಿಗೆ ಮಾಡಿದ ಖರ್ಚೆಷ್ಟು? ಆ ಹಣಕ್ಕೆ ಎಷ್ಟು ಕಡಲೆಕಾಯಿ ಬರುತ್ತದೆ?
3. ಮನೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳದವರು ಯಾರಿದ್ದಾರೆ? ಯಾವ ದಿನ ಹೋಗೋಣ?