ಹೊಗೆ ಕೊಳವೆಗೆ ಕಲ್ಲಿನ ಉಣ್ಣೆ

ನಮ್ಮಲ್ಲಿ ಹಲವರ ಮನೆಯಲ್ಲಿ ಇಂದಿಗೂ ಸೌದೆ ಒಲೆ ಇದೆ. ಗ್ಯಾಸ್ ಬಂದ ಮನೆಯಲ್ಲೂ ಬಚ್ಚಲ ಹಂಡೆಗೆ ಸೌದೆ ಉರಿಸುತ್ತೇವೆ. ಹೊಗೆ ಕುಡಿದು ಕೆಮ್ಮುವವರು ಯಾರು? ನಾವೇ ಅಲ್ಲವೇ? ಅದಕ್ಕೇ ಒಲೆಗೆ ಹೊಗೆ ಕೊಳವೆ ಬೇಕು.

ಬಿಸಿ ಹೊಗೆ ಮೇಲಕ್ಕೆ ಏರುತ್ತದೆ. ತಗಡಿನ ಕೊಳವೆ ಗಾಳಿಗೆ ತಣ್ಣಗಾದರೆ ಒಳಗಿನ ಹೊಗೆಯೂ ತಣ್ಣಗಾಗುತ್ತದೆ. ಆಗ ಅದು ಸರಿಯಾಗಿ ಏರುವುದಿಲ್ಲ. ಮಸಿ ಕೊಳವೆಯ ಒಳಗೆ ಅಂಟುತ್ತದೆ. ಆ ಮಸಿಗೆ ಒಂದು ದಿನ ಬೆಂಕಿ ಹತ್ತಬಹುದು. ಕೊಳವೆಯ ಕಾವು ಮಾಡಿನ ಮರಕ್ಕೆ ತಾಗಿದರೂ ಅಪಾಯ. ಆದ್ದರಿಂದ ಕೊಳವೆಗೆ ಹೊದಿಕೆ ಒಳ್ಳೆಯದು.

ಹತ್ತಿ, ಗೋಣಿ, ತೆಂಗಿನ ನಾರು, ಥರ್ಮಾಕೋಲ್ ಇವು ಬೇಡವೇ ಬೇಡ. ಇವೆಲ್ಲ ಉರಿಯುತ್ತವೆ. ಉರಿಯದ ಹೊದಿಕೆ ಒಂದಿದೆ. ಅದೇ ಕಲ್ಲಿನ ಉಣ್ಣೆ. ಅಂಗಡಿಯಲ್ಲಿ ರಾಕ್ ವುಲ್ ಅಂತಾರೆ. ಕಲ್ಲನ್ನು ಕುಲುಮೆಯಲ್ಲಿ ಕರಗಿಸುತ್ತಾರೆ. ಜಾತ್ರೆಯ ಬೊಂಬಾಯಿ ಮಿಠಾಯಿ ಹಾಗೆ ತಿರುಗಿಸಿ ಎಳೆ ತೆಗೆಯುತ್ತಾರೆ.

ಕಲ್ನಾರು ಬೇರೆ, ಕಲ್ಲಿನ ಉಣ್ಣೆ ಬೇರೆ

ಕಲ್ನಾರು ಅಂದರೆ ಆಸ್ಬೆಸ್ಟಾಸ್. ಅದರ ದೂಳು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಬರಬಹುದು. ರೋಗ ಕಾಣಿಸಲು ಹತ್ತಾರು ವರ್ಷ ಹಿಡಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ನಮ್ಮ ಹಳ್ಳಿಗಳಿಗೆ ಬಂತು. ಆ ಕಾಲದ ಎಷ್ಟೋ ಒಲೆಗಳಿಗೆ ಕಲ್ನಾರು ಸಿಮೆಂಟಿನ ಕೊಳವೆ ಹಾಕಿದ್ದರು. ಅಂಥ ಕೊಳವೆ ಇದ್ದರೆ ಕುಟ್ಟಬಾರದು, ಗರಗಸ ಹಾಕಬಾರದು, ಉಜ್ಜಬಾರದು.

ಕೊಳ್ಳುವಾಗ

ಅಂಗಡಿಯಲ್ಲಿ ನಾವು ಹೀಗೆ ಕೇಳೋಣ: "ಅಣ್ಣಾ, ಇದು ಕಲ್ನಾರೋ, ರಾಕ್ ವುಲ್ಲೋ? ಚೀಟಿ ತೋರಿಸಿ." ಚೀಟಿಯಲ್ಲಿ ಇಂಗ್ಲಿಷ್ ಇರಬಹುದು. ಅಂಕಿ ನಮಗೆ ಓದಲು ಬರುತ್ತದಲ್ಲ! 25, 50, 75 ಎಂದರೆ ದಪ್ಪ, ಮಿಲಿಮೀಟರಿನಲ್ಲಿ. ಚೀಟಿ ಇಲ್ಲದ, ಒದ್ದೆಯಾದ, ಹಳೆಯ ಮಾಲು ಬೇಡ. ತಂತಿ ಬಲೆ ಹೊಲಿದ ಹಾಸು ಸುತ್ತಲು ಸುಲಭ. ರಸೀದಿಯಲ್ಲಿ "ರಾಕ್ ವುಲ್, 50 ಮಿ.ಮೀ." ಎಂದು ಕನ್ನಡದಲ್ಲೇ ಬರೆಸಿಕೊಳ್ಳೋಣ.

ಎಷ್ಟು ಅಗಲ ಬೇಕು? ಲೆಕ್ಕ ಹಾಕೋಣ.
ಕೊಳವೆಯ ಅಡ್ಡಳತೆ 100 ಮಿ.ಮೀ.
ಎರಡು ಬದಿಯ ಉಣ್ಣೆ 50 + 50 = 100 ಮಿ.ಮೀ.
ಒಟ್ಟು 200 ಮಿ.ಮೀ.
200 × 3.14 = 628 ಮಿ.ಮೀ.
ಅಂದರೆ ಸುಮಾರು 63 ಸೆಂಟಿಮೀಟರ್. 65 ತಂದರೆ ಸಾಕು.

ಮುಟ್ಟುವಾಗ

ಕಲ್ಲಿನ ಉಣ್ಣೆ ಕಲ್ನಾರಿನಷ್ಟು ಕೆಟ್ಟದ್ದಲ್ಲ. ಆದರೂ ಅದರ ಎಳೆ ಚುಚ್ಚುತ್ತದೆ. ಮೈ ತುರಿಸುತ್ತದೆ, ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ.

1. ಒಲೆ ಪೂರ್ತಿ ಆರಿರಲಿ, ಕೊಳವೆ ತಣ್ಣಗಿರಲಿ.
2. ತುಂಬು ತೋಳಿನ ಅಂಗಿ, ಕೈಗವಸು, ಕನ್ನಡಕ, ಮಾಸ್ಕ್ ಹಾಕಿಕೊಳ್ಳೋಣ. ಸೆರಗು ಮುಚ್ಚಿಕೊಂಡರೆ ಸಾಲದು. ಸಣ್ಣ ಎಳೆ ಬಟ್ಟೆಯಲ್ಲಿ ನುಸುಳುತ್ತದೆ.
3. ಅಂಗಳದಲ್ಲಿ ಚೂರಿಯಿಂದ ಕತ್ತರಿಸೋಣ. ಮಕ್ಕಳು ದೂರ ಇರಲಿ.
4. ಸುತ್ತಿ ತಂತಿ ಕಟ್ಟೋಣ. ಮೇಲೆ ತಗಡು ಹೊದಿಸಿದರೆ ಎಳೆ ಅಡುಗೆಗೆ ಉದುರುವುದಿಲ್ಲ, ಮಳೆಗೆ ನೆನೆಯುವುದಿಲ್ಲ. ನೆನೆದ ಉಣ್ಣೆ ಕಾವು ತಡೆಯುವುದಿಲ್ಲ.
5. ಹೊದಿಕೆ ಇದ್ದರೂ ಕೊಳವೆಯನ್ನು ಮರಕ್ಕೆ ತಾಗಿಸಬಾರದು. ಕೊಳವೆಯ ಬಾಯಿ ಮುಚ್ಚಲೇಬಾರದು. ಮುಚ್ಚಿದರೆ ವಿಷದ ಗಾಳಿ ಮನೆಯಲ್ಲೇ ತುಂಬುತ್ತದೆ.
6. ಕೆಲಸ ಮುಗಿದ ಮೇಲೆ ಒಣ ಕಸ ಗುಡಿಸಬಾರದು. ನೀರು ಚಿಮುಕಿಸಿ ಬಾಚಿ ತೆಗೆಯೋಣ.
7. ಮೈ ತುರಿಸಿದರೆ ಉಜ್ಜಬಾರದು. ಮೊದಲು ತಣ್ಣೀರು ಸುರಿದು, ಆಮೇಲೆ ಸೋಪು ಹಾಕೋಣ. ಆ ಬಟ್ಟೆಗಳನ್ನು ಬೇರೆಯಾಗಿ ಒಗೆಯೋಣ.
8. ಉಳಿದ ತುಂಡನ್ನು ಚೀಲದಲ್ಲಿ ಕಟ್ಟಿಡೋಣ. ಮೆತ್ತಗಿದೆ ಅಂತ ದಿಂಬಿಗೆ, ತೊಟ್ಟಿಲಿಗೆ ತುಂಬುವುದು ಬೇಡ!

ಕೂಲಿಯವರಿಂದ ಮಾಡಿಸಿದರೂ ಈ ಮಾತುಗಳನ್ನು ಅವರಿಗೆ ಓದಿ ಹೇಳೋಣ. ಅವರ ಉಸಿರೂ ಉಸಿರೇ.

ಓದಿ, ಉತ್ತರ ಬರೆಯಿರಿ
1. ಕೊಳವೆ ತಣ್ಣಗಾದರೆ ಏನಾಗುತ್ತದೆ?
2. ಕಲ್ನಾರಿಗೂ ಕಲ್ಲಿನ ಉಣ್ಣೆಗೂ ಏನು ವ್ಯತ್ಯಾಸ?
3. ನಿಮ್ಮ ಒಲೆಯ ಕೊಳವೆ ಯಾವುದರಿಂದ ಮಾಡಿದ್ದು? ನೋಡಿ ಬಂದು ಬರೆಯಿರಿ.