ಬೆನ್ನಿಗೆ ಸೂಜಿ, ತಲೆಗೆ ನೋವು

ಹೆರಿಗೆಯ ನೋವನ್ನು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅರಿವಳಿಕೆಯ ತರುವಾಯ ಕೆಲವರಿಗೆ ತೀವ್ರವಾದ ತಲೆನೋವು ಬರುವುದುಂಟು. ಬೆನ್ನಿಗೆ ಚುಚ್ಚಿದರೆ ತಲೆ ಏಕೆ ನೋಯಬೇಕು? ಇದರ ಕಾರಣ ತಿಳಿದರೆ ತಡೆಯುವ ಬಗೆಯೂ ತಿಳಿಯುವುದೆಂದು ನಾನು ಭಾವಿಸುತ್ತೇನೆ.

ನಮ್ಮ ಮಿದುಳೂ ಬೆನ್ನುಹುರಿಯೂ ತಿಳಿಯಾದ ಒಂದು ದ್ರವದಲ್ಲಿ ತೇಲುತ್ತಿರುತ್ತವೆ. ಅದನ್ನು ಹಿಡಿದಿಟ್ಟ ಚೀಲದ ಹೊರಪದರಕ್ಕೆ ಡ್ಯೂರಾ ಎಂದು ಹೆಸರು. ಎಪಿಡ್ಯೂರಲ್ ಸೂಜಿಯು ಈ ಪದರದ ಹೊರಗೇ ನಿಲ್ಲಬೇಕು. ಅಕಸ್ಮಾತ್ತಾಗಿ ಒಳಹೊಕ್ಕರೆ ರಂಧ್ರದಿಂದ ದ್ರವ ಸೋರಿ, ಮಿದುಳಿನ ಆಸರೆ ಕುಗ್ಗುತ್ತದೆ. ಎದ್ದು ಕುಳಿತರೆ ಏರುವ, ಮಲಗಿದರೆ ಇಳಿಯುವ ನೋವು ಇದರ ಲಕ್ಷಣ. ಮಗುವನ್ನೆತ್ತಿ ಹಾಲೂಡಿಸಬೇಕಾದ ತಾಯಿಗೆ ಇದು ಸಣ್ಣ ಸಂಕಟವಲ್ಲ.

ಇದನ್ನು ಸ್ವತಃ ಅನುಭವಿಸಿ ಬರೆದಿಟ್ಟವನು ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಆಗಸ್ಟ್ ಬಿಯರ್. ೧೮೯೮ರಲ್ಲಿ ಆತ ಪ್ರಯೋಗಕ್ಕಾಗಿ ತನ್ನ ಬೆನ್ನಿಗೇ ಸೂಜಿ ಚುಚ್ಚಿಸಿಕೊಂಡನು. ಪಿಚಕಾರಿಯು ಸೂಜಿಗೆ ಹೊಂದದೆ ಬಹಳಷ್ಟು ದ್ರವ ಹರಿದುಹೋಯಿತು. ಒಂಬತ್ತು ದಿನ ಅವನು ನರಳಿದನು. ಮಲಗಿದಾಗ ಮಾತ್ರ ಉಪಶಮನ.

ಇನ್ನು ತಡೆಯುವ ಬಗೆ. ಬಿಯರ್ ಪ್ರಯೋಗಿಸಿದ ಸ್ಪೈನಲ್ ವಿಧಾನದಲ್ಲಿ ಡ್ಯೂರಾವನ್ನು ಚುಚ್ಚಲೇಬೇಕು. ಆದುದರಿಂದ ಅಲ್ಲಿ ಸೂಜಿ ಸಣ್ಣದಾದಷ್ಟೂ ಒಳ್ಳೆಯದು. ೧೯೫೧ರಲ್ಲಿ ಅಮೆರಿಕದ ವಿಟೇಕರ್ ಮತ್ತು ಹಾರ್ಟ್ ಪೆನ್ಸಿಲ್ ತುದಿಯಂಥ ಸೂಜಿಯನ್ನು ಬಳಕೆಗೆ ತಂದರು. ಅಂತಹ ಸೂಜಿಯಿಂದ ತಲೆನೋವು ಕಡಿಮೆ. ಎಪಿಡ್ಯೂರಲ್‌ನಲ್ಲಿ ಸೂಜಿಯೊಳಗಿಂದ ನಳಿಕೆ ಸಾಗಬೇಕಾದ್ದರಿಂದ ಸೂಜಿ ದಪ್ಪ. ತಪ್ಪಿ ಡ್ಯೂರಾ ತೂತಾದರೆ ಅರ್ಧಕ್ಕಿಂತ ಹೆಚ್ಚು ಮಂದಿಗೆ ತಲೆನೋವು ತಪ್ಪದು. ಇಲ್ಲಿ ರಕ್ಷಣೆ ವೈದ್ಯರ ಪಳಗಿದ ಕೈಯಲ್ಲಿದೆ. ಬೆನ್ನು ಬಾಗಿಸಿ ಅಲುಗದೆ ಇದ್ದು, ಹೆರಿಗೆಯ ನೋವು ಬರುವ ಮುನ್ನವೇ ಹೇಳುವ ಗರ್ಭಿಣಿಯ ಸಹಕಾರದಲ್ಲಿಯೂ ಇದೆ.

ತಲೆದಿಂಬಿಲ್ಲದೆ ಇಪ್ಪತ್ತನಾಲ್ಕು ಗಂಟೆ ಮಲಗಿದರೆ ತಲೆನೋವು ಬಾರದೆಂಬ ನಂಬಿಕೆ ಬಹುಕಾಲದ್ದು. ಮಲಗುವುದರಿಂದ ಬಂದ ನೋವು ತಗ್ಗಬಹುದು. ಬರುವ ನೋವು ತಡೆಯುವುದಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಆದ್ದರಿಂದ ಬಾಣಂತಿಯನ್ನು ಹಾಸಿಗೆಗೆ ಕಟ್ಟಿಹಾಕುವುದು ವ್ಯರ್ಥ.

ನೋವು ಬಂದುದಾದರೆ ಉಪಾಯವಿಲ್ಲದಿಲ್ಲ. ೧೯೬೦ರಲ್ಲಿ ಅಮೆರಿಕದ ವೈದ್ಯ ಗಾರ್ಮ್ಲಿ, ರೋಗಿಯದೇ ರಕ್ತವನ್ನು ಡ್ಯೂರಾದ ಹೊರಗೆ ಸೇರಿಸಿ ರಂಧ್ರಕ್ಕೆ ತೇಪೆ ಹಾಕಬಹುದೆಂದು ತೋರಿಸಿದರು. ಇಂದು ಈ ಕ್ರಮದಲ್ಲಿ ಸುಮಾರು ೨೦ ಮಿಲಿಲೀಟರ್ ರಕ್ತ ಬಳಸುತ್ತಾರೆ.

ಜ್ವರ, ಕತ್ತಿನ ಬಿಗಿತ, ಸೆಳವು, ದೃಷ್ಟಿಮಾಂದ್ಯ, ಕೈಕಾಲುಗಳ ಬಲಹೀನತೆ ಕಂಡರೆ ಅಥವಾ ಮಲಗಿದರೂ ನೋವು ಇಳಿಯದಿದ್ದರೆ ಕಾರಣ ಬೇರೆಯಿರಬಹುದು. ಕೂಡಲೇ ವೈದ್ಯರಿಗೆ ತಿಳಿಸಬೇಕು. ‘ಬಾಣಂತಿಯ ತಲೆನೋವು ತಾನಾಗಿ ಹೋಗುತ್ತದೆ’ ಎಂಬ ಉದಾಸೀನ ಮಾತ್ರ ನಮ್ಮ ಮನೆಗಳಲ್ಲಿ ಇರಬಾರದು.